ಇನ್ನೂರ ಹದಿನಾಲ್ಕು ಕೊರಳುಗಳು

ಜುಬೇದಾ ನದಾಫಳದು ಕಟ್ಟುವ ಕೆಲಸವಲ್ಲ, ಕಳಚುವ ಕೆಲಸ. ಹಾವೇರಿಯ ಹಳೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಮೇಲಿನ ಮಹಡಿಯಲ್ಲಿ ಏಳು ಜನ ಕೂತು 'ಗೂಡು' ಎಂಬ ಲಿನಕ್ಸ್ ವಿತರಣೆಯನ್ನು, ಅಂದರೆ ಯಂತ್ರಗಳನ್ನು ಓಡಿಸುವ ಮೂಲ ತಂತ್ರಾಂಶವನ್ನು, ನೋಡಿಕೊಳ್ಳುತ್ತಿದ್ದರು. ಶತಮಾನದ ಅರ್ಧ ದಾಟಿದ ಆ ಕಾಲಕ್ಕೆ ರಾಜ್ಯದ ನೀರಿನ ಪಂಪು, ಬಸ್ ನಿಲ್ದಾಣದ ಫಲಕ, ಆಸ್ಪತ್ರೆಯ ಹಾಸಿಗೆ, ಜನರ ಮೈಮೇಲೆ ಕೂತ ಸಣ್ಣಪುಟ್ಟ ಯಂತ್ರ, ಎಲ್ಲವೂ ಓಡುತ್ತಿದ್ದುದು ಗೂಡಿನ ಮೇಲೆಯೇ. ಉಳಿದ ಆರು ಜನ ಅದಕ್ಕೆ ಹೊಸ ಪ್ರೋಗ್ರಾಮುಗಳ ಗಂಟುಗಳನ್ನು, ಪ್ಯಾಕೇಜುಗಳನ್ನು, ಸೇರಿಸುತ್ತಿದ್ದರು. ಜುಬೇದಾ ಹಳತಾದದ್ದನ್ನು, ದಿಕ್ಕಿಲ್ಲದೆ ಬಿದ್ದದ್ದನ್ನು ಹುಡುಕಿ ಹೊರಗೆ ಹಾಕುತ್ತಿದ್ದಳು.

ಹೊರಗೆ ಹಾಕುವುದೆಂದರೆ ಕಸ ಗುಡಿಸಿದ ಹಾಗಲ್ಲ. ಪ್ಯಾಕೇಜುಗಳು ಅಡಕಲ ಗಡಿಗೆ ಇದ್ದ ಹಾಗೆ, ಒಂದರ ತಲೆಯ ಮೇಲೆ ಇನ್ನೊಂದು. ಬುಡದ ಗಡಿಗೆ ಒಡಕು ಎಂದು ಎಳೆದರೆ ಮೇಲಿನ ಉಪ್ಪು, ಹುಣಸೆ, ಬೆಲ್ಲವೆಲ್ಲ ನೆಲದ ಪಾಲು. ಅದಕ್ಕೇ ಗೂಡಿನಲ್ಲಿ ಒಂದು ಪ್ರೋಗ್ರಾಮ್ ಇತ್ತು; ಎಲ್ಲರೂ ಅದಕ್ಕೆ 'ಪಂಚ' ಎನ್ನುತ್ತಿದ್ದರು. ಇಂಥದ್ದನ್ನು ತೆಗೆಯುತ್ತೇನೆ ಎಂದರೆ ಸಾಕು, ಅದನ್ನು ನೆಚ್ಚಿಕೊಂಡವರು ಯಾರು, ಅವರನ್ನು ನೆಚ್ಚಿಕೊಂಡವರು ಯಾರು ಎಂದು ಬೇರು ಹಿಡಿದು ಹೋಗಿ ಪಂಚ ತೀರ್ಪು ಕೊಡುತ್ತಿತ್ತು: ಇವು ಉಳಿಯುತ್ತವೆ, ಇವು ಹೋಗುತ್ತವೆ, ಇವಕ್ಕೆ ಬದಲಿ ಸಿಕ್ಕರೆ ನಡೆಯುತ್ತದೆ.

ಆ ಸೋಮವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥ ವಾಮನರಾವ್ ಗಲಗಲಿ ಹೆಗಲ ಚೀಲವನ್ನೂ ಇಳಿಸದೆ ಬಂದು ಅವಳ ಮೇಜಿನ ಹತ್ತಿರ ನಿಂತರು.

"ಶುಕ್ರವಾರ ಕೋರ್ಟಿನಾಗ ಏನಾತು ಗೊತ್ತಾತೇನ್ರಿ?"

"ಇಲ್ರಿ ಸರ್."

"ಒಬ್ಬನ ಬಾಯಾಗ ಇನ್ನೊಬ್ಬ ಮಾತಾಡ್ಯಾನ."

ಆದದ್ದು ಇಷ್ಟು. ಸವಣೂರಿನ ಕಡೆಯ ಫಕ್ಕೀರಪ್ಪ ತಳವಾರ ಎಂಬ ಎಲೆತೋಟದವನು ತನ್ನ ವಿಧವೆ ತಂಗಿಯ ಹೊಲದ ದಾವೆಯಲ್ಲಿ ಸಾಕ್ಷಿ ಹೇಳಲು ಬಂದಿದ್ದ. ಎದುರು ವಕೀಲರು ಆ ಹೊಲದ ಮಾರಾಟಪತ್ರ ತೋರಿಸಿ, ಇದು ನಿಮ್ಮ ಸಹಿ ಹೌದೋ ಅಲ್ಲವೋ ಎಂದು ಕೇಳಿದರು. ಫಕ್ಕೀರಪ್ಪ ಅಲ್ಲ ಎನ್ನಲು ಬಾಯಿ ತೆರೆದ. ಹೊರಗೆ ಬಂದದ್ದು, "ಹೌದ್ರಿ, ನಂದ. ನಾನ ಮಾಡಿದ್ದು." ಅವನದೇ ದನಿ, ಅವನದೇ ಎಳೆತ. ಫಕ್ಕೀರಪ್ಪ ಎರಡೂ ಕೈಯಿಂದ ಕುತ್ತಿಗೆ ಅಮುಕಿ ಹಿಡಿದು ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಹೇಳಿಕೆ ದಾಖಲಾಗಿ ಹೋಗಿತ್ತು.

ಫಕ್ಕೀರಪ್ಪನಿಗೆ ಧ್ವನಿಪೆಟ್ಟಿಗೆ ಇರಲಿಲ್ಲ. ಗುಟ್ಕಾದ ಕ್ಯಾನ್ಸರು ಅದನ್ನು ತಿಂದಿತ್ತು. ಅಂಥವರಿಗೆಂದೇ ಎಂಟು ವರ್ಷದ ಹಿಂದೆ ಬಂದ ಯಂತ್ರ 'ಕೊರಳು'. ಕುತ್ತಿಗೆಗೆ ತಾಯಿತದ ಹಾಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಮಾತಾಡಬೇಕೆಂದಾಗ ಕುತ್ತಿಗೆಯ ಸ್ನಾಯು ಅದುರುತ್ತದಲ್ಲ, ಆ ಅದುರನ್ನು ಓದಿ ಅದು ಶಬ್ದ ಹೊರಡಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಹಿಡಿದಿಟ್ಟ ಅವರವರ ದನಿಯನ್ನೇ ಅದರಲ್ಲಿ ತುಂಬಿರುತ್ತಾರೆ. ಆಮೇಲೆ ವರ್ಷಗಟ್ಟಲೆ ಯಂತ್ರ ಮನುಷ್ಯನಿಗೆ ಪಳಗುತ್ತದೆ, ಮನುಷ್ಯ ಯಂತ್ರಕ್ಕೆ ಪಳಗುತ್ತಾನೆ. ಕೊರಳನ್ನು ಮಾಡಿದ ಸಂಸ್ಥೆ ಮೂರೇ ವರ್ಷಕ್ಕೆ ಬಾಗಿಲು ಹಾಕಿತ್ತು. ಅದರ ಪ್ಯಾಕೇಜು ಮಾತ್ರ ಗೂಡಿನಲ್ಲಿ ಅನಾಥವಾಗಿ ಉಳಿದಿತ್ತು. ಅದರ ಬುಡದಲ್ಲಿ 'ನಾದ-೨' ಎಂಬ ಇನ್ನೂ ಹಳೆಯ ಗಡಿಗೆ. ಆ ನಾದ-೨ರಲ್ಲೇ ಈಗ ತೂತು ಸಿಕ್ಕಿತ್ತು. ಹತ್ತಿರದಲ್ಲಿ ನಿಂತ ಯಾರಾದರೂ ಅದರೊಳಕ್ಕೆ ಮಾತು ತೂರಿಸಬಹುದಾಗಿತ್ತು.

"ಇಷ್ಟು ಹಳೇದು ಇಷ್ಟ ದಿನ ಹ್ಯಾಂಗ ಉಳೀತು ಅಂತೀನಿ" ಎಂದರು ಗಲಗಲಿ. "ಶುಕ್ರವಾರ ಮಧ್ಯಾಹ್ನದೊಳಗ ಅದು ಹೊರಗ ಹೋಗಬೇಕು."

ಅವರು ಅತ್ತ ಹೋದ ಮೇಲೆ ಜುಬೇದಾ ನಾದ-೨ರ ಕಡತ ತೆರೆದಳು. ಅದರಲ್ಲಿ ಏನಿದೆ ಎಂದು ತೆರೆಯುವ ಮೊದಲೇ ಅವಳಿಗೆ ಗೊತ್ತಿತ್ತು. ಪ್ರತಿ ವರ್ಷದ ಆವೃತ್ತಿಗೂ ಮುನ್ನ ತೆಗೆಯಬೇಕಾದವುಗಳ ಪಟ್ಟಿಯಲ್ಲಿ ನಾದ-೨ರ ಹೆಸರು ಬಂದಿತ್ತು. ನಾಲ್ಕು ವರ್ಷವೂ ಅದರ ಮುಂದೆ ಒಂದೇ ಮಾತು ಬರೆದಿತ್ತು: 'ಇರಲಿ. ಬಳಕೆಯಲ್ಲಿದೆ. — ಜುಬೇದಾ.'

ಅವಳು ಎದ್ದು ಕಿಟಕಿಯ ತನಕ ಹೋದಳು, ತಿರುಗಿ ಬಂದು ಕೂತಳು, ಮತ್ತೆ ಎದ್ದಳು. ಕೆಳಗೆ ಫ್ಯಾಕ್ಟರಿಯ ಅಂಗಳದಲ್ಲಿ ಯಾರೋ ಸೈಕಲ್ಲು ತೊಳೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವಳು ಬದಲಿಯನ್ನು ಹುಡುಕದೆ ಇರಲಿಲ್ಲ. 'ನಾದ-೫' ಆಗಲೇ ತಯಾರಿತ್ತು. ಅದರಲ್ಲಿ ಗಂಡಿಗೊಂದು, ಹೆಣ್ಣಿಗೊಂದು ದನಿ ಇತ್ತು. ಗಂಡಿನದನ್ನು ಒಂದು ಖಾಲಿ ಯಂತ್ರಕ್ಕೆ ಹಾಕಿ ಕೇಳಿಯೂ ಇದ್ದಳು. ಶುಭ್ರವಾದ, ಸುಸಂಸ್ಕೃತವಾದ, ಯಾರದೂ ಅಲ್ಲದ ಒಂದು ಗಂಡು ದನಿ. ಈ ದನಿ ತನ್ನ ಮನೆಯಲ್ಲಿ ನೀರು ಕೇಳುವುದನ್ನು ಊಹಿಸಿಕೊಂಡು ಯಂತ್ರವನ್ನು ಬಂದ್ ಮಾಡಿದ್ದಳು. ಆಮೇಲೆ 'ಇರಲಿ' ಎಂದು ಬರೆದಿದ್ದಳು.

ಈಗ ನಾದ-೫ನ್ನು ಬದಲಿಯಾಗಿ ಕೊಟ್ಟು ಪಂಚನನ್ನು ಕೇಳಿದಳು. ಅರೆಗಳಿಗೆಯಲ್ಲಿ ತೀರ್ಪು ಬಂತು: 'ಸಮಸ್ಯೆ ಇಲ್ಲ. ೨೧೪ ಯಂತ್ರಗಳು ಕೆಲಸ ಮಾಡುತ್ತವೆ.' ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: 'ಜಾಗ ಸಾಲದು. ಹಳೆಯ ದನಿಕಡತಗಳನ್ನು ಅಳಿಸಲಾಗುವುದು.'

ಪಂಚನ ಲೆಕ್ಕದಲ್ಲಿ ಅದು ಸರಿಯಾದ ನ್ಯಾಯವೇ. ಮಾತು ಬೇಕು ಎಂದರು, ಮಾತು ಕೊಟ್ಟಿದೆ. ಯಾರ ದನಿಯಲ್ಲಿ ಎಂದು ಅದನ್ನು ಯಾರೂ ಕೇಳಿರಲಿಲ್ಲ.

*

ಅವಳ ಗಂಡ ರಾಜೇಸಾಬ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಆ ಊರಿನಲ್ಲಿ ಅವನ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು. ಯಾವ ಬಸ್ಸು ಯಾವ ಅಂಕಣದಲ್ಲಿ ಎಂದು ಇಪ್ಪತ್ತು ವರ್ಷ ಕೂಗಿ ಹೇಳಿದ ದನಿ. ಏಳು ವರ್ಷದ ಹಿಂದೆ ಅವನ ಧ್ವನಿಪೆಟ್ಟಿಗೆ ತೆಗೆಯುವ ಹೊತ್ತಿಗೆ ದನಿ ಆಗಲೇ ಒಡೆದಿತ್ತು; ಹಳೆಯ ಮಾತುಗಳ ಧ್ವನಿಮುದ್ರಣ ಇದ್ದರೆ ಕೊಡಿ ಎಂದರು ಆಸ್ಪತ್ರೆಯವರು. ಮನೆಯಲ್ಲಿ ಒಂದೂ ಇರಲಿಲ್ಲ. ಸಿಕ್ಕಿದ್ದು ನಿಲ್ದಾಣದ ಪ್ರಕಟಣೆಗಳು ಮಾತ್ರ. ಹಾಗಾಗಿ ಕೊರಳು ಕಟ್ಟಿಕೊಂಡ ಮೇಲೆ ರಾಜೇಸಾಬ ಮನೆಯಲ್ಲಿ ಚಹಾ ಕೇಳಿದರೂ ಹಿರೇಕೆರೂರಿನ ಬಸ್ಸು ಹೊರಟ ಹಾಗೆ ಕೇಳುತ್ತಿತ್ತು. ಮೊದಲ ವರ್ಷ ಇಬ್ಬರೂ ಅದಕ್ಕೆ ನಕ್ಕರು. ಆಮೇಲೆ ಅದೇ ಅವನ ದನಿಯಾಯಿತು. ಗ್ರಂಥಾಲಯದಲ್ಲಿದ್ದ ಜುಬೇದಾ ಆ ಯಂತ್ರ ಕೆಡದ ಹಾಗೆ ನೋಡಿಕೊಳ್ಳಲೆಂದೇ ಈ ವಿದ್ಯೆ ಕಲಿತು ಗೂಡಿಗೆ ಸೇರಿದ್ದಳು.

ಸಂಜೆ ಅವಳು ಮನೆಗೆ ಬಂದಾಗ ಅವನು ಸೌತೆಕಾಯಿ ಹೆಚ್ಚುತ್ತಿದ್ದ. ಕೈಕಾಲು ತೊಳೆಯದೆ ಅವನ ಎದುರಿಗೆ ಕೂತು ತೂತಿನ ಸಂಗತಿ ಹೇಳಿದಳು.

"ಅಂದ್ರ ಈಗ ನಾ ಮಾತಾಡಾಕತ್ತಿದ್ದು ನಾನೊ, ಇನ್ನೊಬ್ಬನೊ?" ಎಂದ ರಾಜೇಸಾಬ. ತಮಾಷೆಗೆ ಹೇಳಿದ್ದು. ಆದರೆ ಹೇಳಿದ ಮೇಲೆ ಕೈ ತಾನೇ ಕುತ್ತಿಗೆಗೆ ಹೋಯಿತು.

"ನಾಲ್ಕ ದಿನ ತಗದ ಇಡ್ರಿ."

"ಬಸ್ಸು ನಾನ ದೂಡ್ಲೇನು? ನಮಾಜಿಗೆ ತಗದ ಇಡತೀನಿ, ಸಾಕು."

"ಯಾರರ ಏನರ ಅನ್ನಿಸಿದ್ರ?"

"ನನ್ನ ಬಾಯಿಂದ ಯಾರಿಗೇನ್ ಲಾಭ ಐತಿ? ಮೂರನೇ ಅಂಕಣದ ಬಸ್ಸು ಐದಕ್ಕ ನಿಲ್ಲಸ್ತಾರೇನು?"

ನಾದ-೫ರ ಸಂಗತಿಯನ್ನು ಅವಳು ಹೇಳಿದಳು. ತನ್ನ ನಾಲ್ಕು 'ಇರಲಿ'ಗಳ ಸಂಗತಿಯನ್ನು ಹೇಳಲಿಲ್ಲ. ರಾಜೇಸಾಬ ಮಾತಾಡಿದಾಗಲೆಲ್ಲ ಅವಳು ಅವನ ತುಟಿ ನೋಡಿದಳು, ಶಬ್ದವೂ ತುಟಿಯೂ ಕೂಡುತ್ತವೋ ಇಲ್ಲವೋ ಎಂದು. ಹೀಗೆ ನೋಡುವುದು ಒಮ್ಮೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ ಎಂದು ಅವಳಿಗೆ ಅಂದೇ ತಿಳಿಯಿತು.

*

ಮಂಗಳವಾರ ಅವಳು ಗಲಗಲಿಯವರ ಮುಂದೆ ಒಂದು ದಾರಿ ಇಟ್ಟಳು. ಗೂಡಿನಲ್ಲಿ ಪ್ಯಾಕೇಜು ತೆಗೆಯುವುದು ಎರಡು ಬಗೆ. ಬೇರುಸಹಿತ ಕಿತ್ತರೆ ಅದರ ಕಡತಗಳೂ ಅಳಿಯುತ್ತವೆ. ಬರೀ ತೆಗೆದರೆ ಪ್ರೋಗ್ರಾಮ್ ಹೋಗುತ್ತದೆ, ಕಡತ ಉಳಿಯುತ್ತದೆ. ನಾದ-೨ನ್ನು ತೆಗೆದು, ಸದ್ಯಕ್ಕೆ ನಾದ-೫ನ್ನು ಹಾಕದೆ ಬಿಟ್ಟರೆ ಯಂತ್ರ ಮೂಕವಾಗುತ್ತದೆ, ಆದರೆ ದನಿ ಒಳಗೇ ಮಲಗಿರುತ್ತದೆ. ದನಿ ಕದಿಯಬಾರದೆಂದು ಕಡತಕ್ಕೆ ಬೀಗವಿದ್ದುದರಿಂದ ಯಂತ್ರದ ಹೊರಗೆ ಅದರ ನಕಲು ತೆಗೆದಿಡಲು ಬರುತ್ತಿರಲಿಲ್ಲ. ಹಳೆಯ ಕಡತವನ್ನು ಸಣ್ಣದಾಗಿಸಿ, ನಾದ-೫ ಓದುವ ರೂಪಕ್ಕೆ ತರುವ ಒಂದು ಪ್ರೋಗ್ರಾಮನ್ನು ತಾನು ಬರೆಯಬಹುದು. ಹದಿನೈದು ದಿನವಾದರೂ ಬೇಕು. ಆಗಬಹುದು, ಆಗದೆಯೂ ಇರಬಹುದು.

"ಹದಿನೈದು ದಿನ ಮೂಕರಾಗಿರ್ರಿ ಅಂತ ಜನಕ್ಕ ಹ್ಯಾಂಗ ಹೇಳೂದು?"

"ಹೇಳೂದಲ್ರಿ ಸರ್, ಕೇಳೂದು. ಅಳಿಸಿದ್ದು ತಿರುಗಿ ಬರೂದಿಲ್ಲ. ಒಬ್ಬೊಬ್ಬರನ್ನೂ ಕೇಳಬೇಕು."

ಗಲಗಲಿ ಕನ್ನಡಕ ತೆಗೆದು ಒರೆಸಿದರು. "ಇನ್ನೂರ ಹದಿನಾಲ್ಕು ಮಂದಿ. ಫೋನಿನಾಗ ಹೌದು ಅಂದವ ಅವನೇ ಹೌದು ಅಂತ ನಿಮಗ ಹ್ಯಾಂಗ ಗೊತ್ತಾಗ್ತದ? ಅವನ ಕೊರಳಿನಾಗ ಇನ್ನೊಬ್ಬ ಕೂತಿದ್ರ?"

ಅದು ಅವಳಿಗೆ ಹೊಳೆದಿರಲಿಲ್ಲ. ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. ಆಮೇಲೆ ಬಂದು ಮೇಜಿನ ಮೇಲೆ ಬೆರಳಿನಿಂದ ತಟ್ಟಿದಳು. "ಮಾತು ಬ್ಯಾಡ್ರಿ. ಫೋನ್ ಮ್ಯಾಲೆ ತಟ್ಟಲಿ. ಕಾಯತೀನಿ ಅಂದ್ರ ಒಂದು, ಹೊಸಾ ದನಿ ಈಗ ಬೇಕು ಅಂದ್ರ ಎರಡು."

"ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕ ನಾ ಗುಂಡಿ ಒತ್ತಾಂವ" ಎಂದರು ಗಲಗಲಿ. "ಅದರಾಗ ಒಂದ ನಿಮಿಷ ಆಚೀಚಿ ಆಗೂದಿಲ್ಲ."

ಎಂದವರು ಪಟ್ಟಿಯ ಅರ್ಧ ಹರಿದು ತಮ್ಮ ಮೇಜಿಗೆ ಒಯ್ದರು.

ಎರಡು ದಿನ ಆ ಉದ್ದನೆಯ ಕೋಣೆಯಲ್ಲಿ ತಟ್ಟುವ ಸದ್ದೇ ಸದ್ದು. ಶಿಗ್ಗಾಂವಿಯ ಹಿಟ್ಟಿನ ಗಿರಣಿಯವನು ಮಾತು ಮುಗಿಯುವ ಮೊದಲೇ ಎರಡು ಸಲ ತಟ್ಟಿದ. ಗಿರಣಿಯ ಗದ್ದಲದಲ್ಲಿ ದನಿ ಯಾರದಾದರೇನು ಎಂದ. ಗುತ್ತಲದ ಅಜ್ಜಿಯೊಬ್ಬಳು, "ನನ್ನ ದನಿ ನನಗ ಎಂದೂ ಸೇರಿಲ್ಲವ್ವಾ, ಕಾಗಿ ಒದರಿದಂಗ ಇತ್ತು. ಚಲೋದು ಕೊಡ್ರಿ" ಎಂದು ಎರಡು ತಟ್ಟಿದಳು. ರಟ್ಟೀಹಳ್ಳಿಯ ಮೇಷ್ಟ್ರಿಗೆ ಪರೀಕ್ಷೆಯ ವೇಳೆ. ಮೂಕನಾಗಿ ಪಾಠ ಹೇಳುವುದು ಹೇಗೆ ಎಂದು ಎರಡೆರಡು ಸಲ ಕೇಳಿದರು. ಕೊನೆಗೆ ಒಂದೇ ತಟ್ಟು. ಹಾನಗಲ್ಲಿನ ಹತ್ತಿರದ ಹಳ್ಳಿಯೊಂದರ ನೀಲವ್ವ ಎಂಬಾಕೆ ಕೇಳಿದ್ದು ಒಂದೇ ಪ್ರಶ್ನೆ: "ಎಮ್ಮಿ ನನ್ನ ದನಿ ಕೇಳಿದ್ರನ ಹಾಲಿನ ತೊರಿ ಬಿಡತೈತಿ. ಹೊಸಾ ದನಿಗೆ ಬಿಡತೈತೇನು?" ಜುಬೇದಾಳಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ನೀಲವ್ವ ಒಂದು ತಟ್ಟಿದಳು.

ಪ್ರತಿ ತಟ್ಟೂ ಜುಬೇದಾಳ ಎದೆಗೇ ಬಂದು ಬಡಿಯುತ್ತಿತ್ತು. ಇವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇಷ್ಟು ಗಡಿಬಿಡಿಯಲ್ಲಿ, ನಾಲ್ಕು ದಿನದಲ್ಲಿ ತಮ್ಮ ಗಂಟಲಿನ ತೀರ್ಮಾನ ತಾವು ಮಾಡಬೇಕಾಗಿ ಬಂದದ್ದು ಯಾಕೆ ಎಂದು. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಹದಿನೈದು ದಿನವಲ್ಲ, ಹದಿನೈದು ತಿಂಗಳು ಸಿಗುತ್ತಿತ್ತು.

ಪಟ್ಟಿಯಲ್ಲಿ ಫಕ್ಕೀರಪ್ಪನ ಹೆಸರೂ ಇತ್ತು. ಅವನ ಫೋನು ಮಾತ್ರ ಯಾರೂ ಎತ್ತಲಿಲ್ಲ. ಬುಧವಾರ ಮಧ್ಯಾಹ್ನ ಜುಬೇದಾ ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದಳು.

*

ಎಲೆತೋಟದ ಅಂಚಿನ ಎರಡು ಕೋಣೆಯ ಮನೆ. ಫಕ್ಕೀರಪ್ಪ ಜಗಲಿಯಲ್ಲಿ ಎಲೆಗಳನ್ನು ನೂರು ನೂರಾಗಿ ಕಟ್ಟುತ್ತಿದ್ದ. ಕುತ್ತಿಗೆ ಬರಿದಾಗಿತ್ತು. ಗಂಟಲ ಬುಡದಲ್ಲಿ ಉಸಿರಾಟಕ್ಕೆ ಮಾಡಿದ ತೂತಿನ ಮೇಲೆ ಒಂದು ತೆಳು ಬಟ್ಟೆ. ಕೋರ್ಟಿನಿಂದ ಬಂದ ದಿನವೇ ಅವನು ಕೊರಳನ್ನು ಬಿಚ್ಚಿ ಜೋಳದ ಕಣಜಕ್ಕೆ ಎಸೆದಿದ್ದನಂತೆ. ಅವನ ಪರವಾಗಿ ಮಾತಾಡಿದವಳು ತಂಗಿ ಗಂಗವ್ವ.

"ಊರಾಗಿನ ಮಂದಿ ಅಣ್ಣ ಮಾರಿಕೊಂಡ ಅಂತಾರ್ರಿ" ಎಂದಳು ಗಂಗವ್ವ. "ಒಡಹುಟ್ಟಿದಾಕಿ ಹೊಲಾ ನುಂಗಾಕ ಕೈ ಕೂಡಿಸ್ಯಾನ ಅಂತಾರ. ನನಗ ಗೊತ್ತೈತಿ ಅವ ಅಂಥವಲ್ಲ. ಆದ್ರ ನಾನೂ ಅವನ ದನಿನ ಕೇಳೇನಲ್ರಿ, ಅದ ಕೋರ್ಟಿನಾಗ."

ಫಕ್ಕೀರಪ್ಪ ತಲೆ ಎತ್ತದೆ ಎಲೆ ಕಟ್ಟಿದ.

ಜುಬೇದಾ ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂತಳು.

"ಆ ಯಂತ್ರದೊಳಗಿನ ಹಳೇ ಸಾಮಾನು ನಾಲ್ಕ ವರ್ಷದ ಹಿಂದ ತಗೀಬೇಕಾಗಿತ್ರಿ. ತಗಿಯೂ ಕೆಲಸ ನಂದು. ನಾ ತಗೀಲಿಲ್ಲ. ನಮ್ಮ ಮನಿಯವರೂ ಅದನ್ನ ಹಾಕ್ಕೋತಾರ. ಅವರ ದನಿ ಹೋಗತೈತಿ ಅಂತ ಪ್ರತಿ ವರ್ಷ ಇರಲಿ, ಇರಲಿ ಅಂತ ಬರದೆ."

ಫಕ್ಕೀರಪ್ಪನ ಕೈ ನಿಂತಿತು. ಗಂಗವ್ವ ಅಣ್ಣನ ಮುಖ ನೋಡಿದಳು. ಅವನು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡಳು ಜುಬೇದಾ. ಅವನು ಒಂದು ವಹಿ, ಪೆನ್ನು ಹಿಡಿದು ಹೊರಗೆ ಬಂದ. ನಿಂತೇ ಬರೆದು ಅವಳ ಮುಂದೆ ಹಿಡಿದ. ಅಕ್ಷರ ದೊಡ್ಡದು, ಒತ್ತಿ ಬರೆದದ್ದು.

'ನನ್ನ ಮುಂದ ಹೇಳಿದ್ರ ಏನ್ ಬಂತು. ಇದನ್ನ ಜಡ್ಜಿಗೆ ಬರದು ಕೊಡ್ರಿ.'

"ಕೊಡತೀನಿ" ಎಂದಳು ಜುಬೇದಾ.

ಅವನು ಮತ್ತೆ ಬರೆದ. 'ನಿಮ್ಮ ಹೆಸರು ಹಾಕಿ.'

"ಹಾಕತೀನಿ."

ಅವಳು ಎದ್ದು ಹೊರಡುವಾಗ ಶುಕ್ರವಾರದ ಆಯ್ಕೆಯ ಸಂಗತಿ ವಿವರಿಸಿದಳು. ಫಕ್ಕೀರಪ್ಪ ಒಳಗೆ ಹೋಗಿ ಕಣಜಕ್ಕೆ ಕೈ ಹಾಕಿ ಪಟ್ಟಿಯನ್ನು ಹೊರತೆಗೆದು ಜೋಳದ ಧೂಳು ಒರೆಸಿದ. ಆಮೇಲೆ ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗಂಟಿನಿಂದ ಒಂದು ಸಲ ತಟ್ಟಿದ.

*

ಅಂದು ಸಂಜೆ ರಾಜೇಸಾಬನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತ ಕೇಳುತ್ತ ಮಂಚದಿಂದ ಎದ್ದ, ಗೋಡೆಯ ಹತ್ತಿರ ಹೋಗಿ ನಿಂತ.

"ನನ್ನ ಕೇಳಿದ್ದಿ ಏನು?"

"ಇಲ್ಲ."

"ನಾಲ್ಕ ವರ್ಷ, ಒಮ್ಮೆರೆ?"

"ಕೇಳಿದ್ರ ನೀವು ತಗದ ಒಗಿ ಅಂತಿದ್ರಿ."

"ಅಂತಿದ್ದೆ." ನಿಲ್ದಾಣದ ಆ ಗಂಭೀರ ದನಿಯಲ್ಲಿ ಸಿಟ್ಟು ಸರಿಯಾಗಿ ಹಿಡಿಸುತ್ತಿರಲಿಲ್ಲ, ಬಸ್ಸು ತಡವಾದ ಸುದ್ದಿಯ ಹಾಗೆ ಕೇಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಹಾಗಾಗಿ ಸಿಟ್ಟು ಇನ್ನೂ ಏರಿತು. "ಒಬ್ಬ ಮನಶ್ಯಾ ತಂಗಿ ಮುಂದ ಕಳ್ಳ ಆಗಿ ನಿಂತ. ನನ್ನ ಸಲುವಾಗಿ ಅಂತ ಆ ಕಾಗದದಾಗ ಬರೀಬ್ಯಾಡ. ನಿನ್ನ ಸಲುವಾಗಿ ಅಂತ ಬರಿ. ಆ ದನಿ ಕೇಳಬೇಕಾಗಿದ್ದು ನಿನಗ."

ಜುಬೇದಾ ಕಾಗದ, ಪೆನ್ನು ತೆಗೆದುಕೊಂಡು ಕೂತಳು. ರಾಜೇಸಾಬ ಅಂಗಿ ಹಾಕಿಕೊಂಡು ಹೊರಗೆ ಹೋಗಿ ಒಂದು ಗಂಟೆ ಬಿಟ್ಟು ಬಂದ. ಅವಳು ಅಷ್ಟೂ ಹೊತ್ತು ಒಂದೇ ಪುಟವನ್ನು ಬರೆದು ಹರಿದು, ಬರೆದು ಹರಿದು ಮಾಡುತ್ತಿದ್ದಳು. ಅವನು ಹಿಂದೆ ನಿಂತು ಓದಿದ. 'ನನ್ನ ಮನೆಯವರ ಯಂತ್ರವೂ ಇದರಲ್ಲಿ ಇದ್ದುದರಿಂದ, ಅವರಿಗೆ ತಿಳಿಸದೆ, ನನ್ನ ಇಚ್ಛೆಯಿಂದ' ಎಂದಿತ್ತು.

"ಇದನ್ನ ಹರೀಬ್ಯಾಡ" ಎಂದು ಹೇಳಿ ಒಳಗೆ ಹೋದ.

ಗುರುವಾರ ಗಲಗಲಿ ಕಾಗದವನ್ನು ಎರಡು ಸಲ ಓದಿದರು. ಆ ನಾಲ್ಕು ಟಿಪ್ಪಣಿಗಳನ್ನು ಅವರೂ ಸೋಮವಾರವೇ ನೋಡಿದ್ದರಂತೆ. ಅವಳು ವಿಚಾರ ಮಾಡಿಯೇ ಬರೆದಿರಬೇಕು ಎಂದುಕೊಂಡಿದ್ದರಂತೆ.

"ಇದು ಕೋರ್ಟಿಗೆ ಹೋದ್ರ ನಿಮ್ಮ ಕುರ್ಚಿ ಉಳಿಯೂದಿಲ್ಲ, ಜುಬೇದಾಬಾಯಿ."

"ಗೊತ್ತೈತ್ರಿ. ಆ ಕಡತ ತೆರಿಯೂ ಪ್ರೋಗ್ರಾಮ್ ಮುಗಿಯೂ ತನಕ ಕೂಡಾಕ ಬಿಡ್ರಿ, ಸಾಕು."

*

ಶುಕ್ರವಾರ ಹನ್ನೊಂದೂಮುಕ್ಕಾಲಿಗೆ ಲೆಕ್ಕ ಹೀಗಿತ್ತು: ಒಂದು ತಟ್ಟಿದವರು ನೂರ ಮೂವತ್ತೊಂದು, ಎರಡು ತಟ್ಟಿದವರು ಎಪ್ಪತ್ತೊಂಬತ್ತು, ಸಿಗದೇ ಹೋದವರು ನಾಲ್ವರು. ಸಿಗದವರಿಗೆ ನಾದ-೫ನ್ನು ಹಾಕಿಬಿಡೋಣ, ಏಕಾಏಕಿ ಮೂಕರಾದರೆ ಹೆದರುತ್ತಾರೆ ಎಂದರು ಗಲಗಲಿ. ಹೆದರಿದರೆ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಅಳಿಸಿದರೆ ಬಂದೂ ಉಪಯೋಗವಿಲ್ಲ ಎಂದಳು ಜುಬೇದಾ. ಹನ್ನೆರಡು ಬಡಿಯುವ ತನಕ ಇಬ್ಬರೂ ನಿಂತುಕೊಂಡೇ ವಾದಿಸಿದರು. ಕೊನೆಗೆ ಆ ನಾಲ್ವರನ್ನೂ ಕಾಯುವವರ ಸಾಲಿಗೆ ಸೇರಿಸಿ ಗಲಗಲಿ ಗುಂಡಿ ಒತ್ತಿದರು.

ಪರದೆಯ ಮೇಲೆ ಸಾಲುಗಳು ಇಳಿದವು. 'ಕೊರಳು: ತೆಗೆಯಲಾಗುತ್ತಿದೆ. ನಾದ-೨: ತೆಗೆಯಲಾಗುತ್ತಿದೆ.' ಎರಡು ತಟ್ಟಿದವರ ಯಂತ್ರದಲ್ಲಿ ಆ ಜಾಗಕ್ಕೆ ನಾದ-೫ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಹೊತ್ತಿಗೆ ರಾಜೇಸಾಬ ಜುಮ್ಮಾ ನಮಾಜಿಗೆಂದು ಪಟ್ಟಿಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಮಸೀದಿಯಲ್ಲಿದ್ದ. ಅವನೂ ಒಂದು ತಟ್ಟಿದವನೇ. ಹೊರಗೆ ಬಂದು ಕಟ್ಟಿಕೊಂಡಾಗ ಅದು ಬರೀ ಪಟ್ಟಿಯಾಗಿತ್ತು.

ಆಮೇಲಿನ ಹತ್ತೊಂಬತ್ತು ದಿನ ಜುಬೇದಾ ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಎಲ್ಲ ತಂತಿ ಬಿಚ್ಚಿ, ಹೊರಜಗತ್ತಿನ ಸಂಪರ್ಕವೇ ಇಲ್ಲದ ಒಂದು ಕಂಪ್ಯೂಟರಿನಲ್ಲಿ ನಾದ-೨ನ್ನು ಪಂಜರದ ಹಕ್ಕಿಯ ಹಾಗೆ ಇಟ್ಟುಕೊಂಡು, ಅದು ದನಿಕಡತವನ್ನು ಓದುವ ಬಗೆಯನ್ನು ಸಾಲು ಸಾಲಾಗಿ ಕಲಿತಳು. ಮೊದಲ ವಾರ ಹೊರಬಂದದ್ದು ಬರೀ ಗೊರಗೊರ. ಮನೆಯಲ್ಲಿ ರಾಜೇಸಾಬ ಚಮಚದಿಂದ ತಟ್ಟೆ ಬಡಿದು ಕರೆಯುವುದನ್ನು ರೂಢಿ ಮಾಡಿಕೊಂಡ. ನಿಲ್ದಾಣದಲ್ಲಿ ಅವನ ಜಾಗದಲ್ಲಿ ಬೇರೊಬ್ಬರು ಕೂತರು. ಅವನು ಬಸ್ಸಿನ ಮುಂದೆ ನಿಂತು ಕೈ ಮಾಡಿ ದಾರಿ ತೋರಿಸಿದ. ಊರೂರಿನಿಂದ ಫೋನುಗಳು ಬರುತ್ತಲೇ ಇದ್ದವು. ಎತ್ತಿದರೆ ಆಚೆ ಮಾತಿಲ್ಲ, ತಟ್ಟು ಮಾತ್ರ. ಎರಡು ತಟ್ಟಿದರೆ, ಇನ್ನು ಕಾಯಲಾರೆ, ನಾದ-೫ನ್ನೇ ಹಾಕಿ ಎಂದರ್ಥ. ಹಾಗೆ ಹನ್ನೆರಡು ಜನ ನಡುವೆಯೇ ಬಿಟ್ಟುಹೋದರು. ಸಿಗದಿದ್ದ ನಾಲ್ವರಲ್ಲಿ ಮೂವರು ತಾವಾಗಿ ಬಂದರು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಫಕ್ಕೀರಪ್ಪನ ಕಡತ ತೆರೆಯಿತು. ಗಂಗವ್ವ ಅವನನ್ನು ಕರೆದುಕೊಂಡು ಬಂದಿದ್ದಳು. ಪಟ್ಟಿ ಕಟ್ಟಿಕೊಂಡು ಅವನು ಮೊದಲು ಹೇಳಿದ್ದು ತಂಗಿಯ ಹೆಸರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರುವಾರ ಕೋರ್ಟು ಅವನ ಹಳೆಯ ಹೇಳಿಕೆಯನ್ನು ತೆಗೆದುಹಾಕಿ ಮತ್ತೆ ಸಾಕ್ಷಿ ಕೇಳಿತು. ದನಿ ತೂರಿಸಿದವರ ಮೇಲೆ ಬೇರೆ ಮೊಕದ್ದಮೆ ಹೂಡಲಾಯಿತು. ಆದರೆ ಊರಿನಲ್ಲಿ ಒಮ್ಮೆ ಹಬ್ಬಿದ ಮಾತು ಅಷ್ಟು ಬೇಗ ಹೋಗಲಿಲ್ಲ ಎಂದು ಗಂಗವ್ವ ಆಮೇಲೊಮ್ಮೆ ಹೇಳಿದಳು.

ಫಕ್ಕೀರಪ್ಪನದು ತೆರೆದ ಮೇಲೆ ಉಳಿದವು ಸರಸರ ತೆರೆದವು. ನೀಲವ್ವನದು, ಮೇಷ್ಟ್ರದು, ಒಂದಾದ ಮೇಲೊಂದು. ರಾಜೇಸಾಬ ತನ್ನ ಸರದಿಯನ್ನು ತಾನೇ ಕೊನೆಗೆ ಹಾಕಿಸಿಕೊಂಡಿದ್ದ. ಅವನದನ್ನು ಹಚ್ಚಿದಾಗ ಪ್ರೋಗ್ರಾಮ್ ನಿಂತುಬಿಟ್ಟಿತು.

ಮತ್ತೆ ಹಚ್ಚಿದಳು. ಮತ್ತೆ ನಿಂತಿತು. ಯಾಕೆಂದು ಹುಡುಕಲು ಜುಬೇದಾಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಉಳಿದವರ ಯಂತ್ರಗಳು ಗೂಡಿನಿಂದ ಬಂದದ್ದನ್ನು ಬಂದ ಹಾಗೆ ಇಟ್ಟುಕೊಂಡಿದ್ದವು. ರಾಜೇಸಾಬನ ಯಂತ್ರವನ್ನು ಮಾತ್ರ ಅವಳು ಏಳು ವರ್ಷ ಮನೆಯಲ್ಲಿ ಬಿಚ್ಚಿ ಕೂತು, ಅವನು ಕೆಮ್ಮಿದರೆ ಇಲ್ಲೊಂದು ತೇಪೆ, ಚಳಿಗಾಲಕ್ಕೆ ದನಿ ಒಡೆದರೆ ಅಲ್ಲೊಂದು ತೇಪೆ ಎಂದು ಕೈಯಾರೆ ತಿದ್ದಿದ್ದಳು. ಯಾವುದನ್ನೂ ಬರೆದಿಟ್ಟಿರಲಿಲ್ಲ. ಅವನ ಕಡತ ಈಗ ಯಾವ ನಿಯಮಕ್ಕೂ ಸಿಗದ ಒಂದು ಗಂಟಾಗಿತ್ತು. ಆ ಗಂಟನ್ನು ಹಾಕಿದ್ದು ಅವಳ ಬೆರಳುಗಳೇ.

ಮೂರು ದಿನ ಬಿಡಿಸಿದಳು. ಊಟ ಬಿಟ್ಟಳು. ಮೂರನೆಯ ದಿನ ಸಂಜೆ ರಾಜೇಸಾಬ ಕೇಂದ್ರಕ್ಕೇ ಬಂದ. ಪರದೆಯ ಮೇಲಿನ ಕೆಂಪು ಸಾಲುಗಳನ್ನು ನೋಡಿದ, ಅವಳ ಮುಖ ನೋಡಿದ. ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ.

"ಇನ್ನೊಂದ ವಾರ ಕೊಡ್ರಿ" ಎಂದಳು ಜುಬೇದಾ.

ಅವನು ಮತ್ತೆ ಎರಡು ಸಲ ತಟ್ಟಿದ, ನಿಧಾನಕ್ಕೆ. ಈ ಸಲ ಅವಳು ಅವನನ್ನು ಕೇಳಿದ್ದಳು, ಅವನು ಉತ್ತರ ಹೇಳಿದ್ದ. ಅವಳು ನಾದ-೫ನ್ನು ಹಾಕಿದಳು. 'ಹಳೆಯ ದನಿಕಡತವನ್ನು ಅಳಿಸಲಾಗುವುದು' ಎಂಬ ಸಾಲು ಬಂತು. ಹೌದು ಎಂದು ಒತ್ತಿದ್ದು ಅವಳೇ.

*

ತಿಂಗಳ ಕೊನೆಗೆ ಗಲಗಲಿಯವರು ಹೇಳಿದ ಹಾಗೆಯೇ ಆಯಿತು. ಕಳಚುವ ಕೆಲಸವನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಪೂರ್ತಿ ಹೊರಗೆ ಹಾಕಲಿಲ್ಲ. ಕಡತ ತೆರೆಯುವ ಪ್ರೋಗ್ರಾಮನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಇನ್ನು ಮುಂದೆ 'ಇರಲಿ' ಎಂದು ಬರೆಯುವವರು ಯಾಕೆ, ಯಾರಿಗಾಗಿ ಎಂಬುದನ್ನೂ ಬರೆಯಬೇಕು ಎಂದು ಗೂಡಿನ ನಿಯಮಕ್ಕೆ ಒಂದು ಸಾಲು ಸೇರಿತು. ಬರೆದದ್ದು ಜುಬೇದಾ, ಸಹಿ ಮಾಡಿದ್ದು ಗಲಗಲಿ.

ಮನೆಯಲ್ಲಿ ಒಬ್ಬ ಅಪರಿಚಿತ ಮಾತಾಡುತ್ತಿದ್ದ. ರಾಜೇಸಾಬನ ತುಟಿ 'ನೀರ ಕೊಡ' ಎಂದರೆ ಆ ಸುಸಂಸ್ಕೃತ ದನಿ "ನೀರನ್ನು ಕೊಡು" ಎನ್ನುತ್ತಿತ್ತು. ಅದನ್ನು ಪಳಗಿಸಿದವರು ಪುಸ್ತಕದ ಕನ್ನಡ ಓದಿಸಿ ಪಳಗಿಸಿದ್ದರು. ಹಾವೇರಿಯ ಮಾತು ಅದಕ್ಕೆ ತಪ್ಪಾಗಿ ಕಂಡು ತಿದ್ದುತ್ತಿತ್ತು. ಮೊದಮೊದಲು ಜುಬೇದಾ ಬೆನ್ನು ತಿರುಗಿಸಿದ್ದರೆ ಓಗೊಡುತ್ತಲೇ ಇರಲಿಲ್ಲ. ಮತ್ತೆಲ್ಲೋ ರೇಡಿಯೋ ಹಚ್ಚಿದ್ದಾರೆ ಎಂದುಕೊಳ್ಳುತ್ತಿದ್ದಳು. ಅವನು ಬಂದು ಭುಜ ಮುಟ್ಟಬೇಕಾಗುತ್ತಿತ್ತು.

ಆದರೆ ಯಂತ್ರ ಕಲಿಯುತ್ತದೆ, ಬೆನ್ನು ಹತ್ತಬೇಕು ಅಷ್ಟೆ. ರಾಜೇಸಾಬ ಬೆನ್ನು ಹತ್ತಿದ. ಮುಂಜಾನೆ ಹಲ್ಲುಜ್ಜುವಾಗಲೂ ಬಿಡಲಿಲ್ಲ.

ಒಂದು ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಕಡೆಯಿಂದ ಆ ದನಿ ಬಂತು.

"ಹೊಂಟೆ."

ಜುಬೇದಾಳ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಪಡಸಾಲೆ ದಾಟಿ ಬಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ.

"ಏನಂದ್ರಿ? ಇನ್ನೊಮ್ಮೆ ಅನ್ರಿ."

ಅವನು ಉಸಿರು ಎಳೆದುಕೊಂಡು ಮತ್ತೆ ಹೇಳಿದ. ಈ ಸಲ ಬಂದದ್ದು, "ಹೊರಟೆನು."

ಅವನ ಭುಜಗಳು ಕುಲುಕಿದವು. ಅವನ ನಗುವಿಗೆ ಯಾವ ಯಂತ್ರದಲ್ಲೂ ಶಬ್ದ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಅವಳಿಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

"ಎರಡರ ನಡಬರಕ ಎಲ್ಲೋ ನಿಂತೈತಿ" ಎಂದಳು. "ನಡೀರಿ, ಬಸ್ಸಿಗೆ ಹೊತ್ತಾತು."

ಅವನು ಮೆಟ್ಟಿಲಿಳಿದ. ಬೀದಿಯ ತಿರುವಿನ ತನಕ ಆ ದನಿ ಅದೊಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತ ಹೋಯಿತು. ಕೆಲವು ಸಲ ಸರಿ, ಕೆಲವು ಸಲ ತಪ್ಪು. ಜುಬೇದಾ ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬರುವವರೆಗೂ ಬಾಗಿಲಲ್ಲೇ ನಿಂತು ಎರಡನ್ನೂ ಕೇಳಿದಳು.